ಬುಕ್‌ಮಾರ್ಕ್ ಇಟ್ಟ ಜಾಗ

ಜೀನ್‌ಗಳನ್ನು ಕಂಪ್ಯೂಟರಿನಲ್ಲಿ ಓದುವ ಲ್ಯಾಬಿನಿಂದ ವಾರಿಜಾ ಡಾಕ್ಟರಿಗೆ ಫೋನ್ ಮಾಡಿದಳು.

"ಸರ್, ನಿಮ್ಮಣ್ಣನ ಫೈಲು ನೋಡ್ತಿದ್ದೆ. ದೋಷ ಇರೋ ಜಾಗಕ್ಕೆ ಬುಕ್‌ಮಾರ್ಕ್ ಇಟ್ಟು ನಿಮಗೆ ಕಳಿಸಿದೀನಿ."

ಡಾಕ್ಟರು ತಮ್ಮ ಕಂಪ್ಯೂಟರಿನಲ್ಲಿ ಅದನ್ನು ಒತ್ತಿದರು. ಪರದೆ ಆ ಜಾಗಕ್ಕೇ ಹೋಗಿ ನಿಂತಿತು.

"ಹೌದಮ್ಮ, ಇದೆ. ಐವತ್ತರೊಳಗೆ ಕೈಕಾಲು ಸ್ವಾಧೀನ ತಪ್ಪುತ್ತೆ. ಇದಕ್ಕೆ ಮದ್ದೇ ಇಲ್ಲ. ಅಣ್ಣನಿಗೆ ಯಾವ ಬಾಯಲ್ಲಿ ಹೇಳಲಿ?"

"ಸರ್... ಬುಕ್‌ಮಾರ್ಕ್ ಜಾಗ ಮಾತ್ರ ತೋರಿಸುತ್ತೆ, ಅದೂ ನಿಮ್ಮಲ್ಲಿ ಯಾವ ಫೈಲು ತೆರೆದಿದೆಯೋ ಅದರಲ್ಲಿ. ಅಣ್ಣನ ಫೈಲು ನಾನಿನ್ನೂ ಕಳಿಸೇ ಇಲ್ಲ. ನೀವು ನೋಡ್ತಿರೋದು ಯಾರದು?"

ಡಾಕ್ಟರು ಪರದೆಯ ಮೇಲ್ತುದಿಗೆ ಕಣ್ಣು ಹಾಯಿಸಿದರು. ಹೊಸ ಯಂತ್ರದ ಪರೀಕ್ಷೆಗೆಂದು ಹೋದ ವಾರ ಕೊಟ್ಟಿದ್ದ ತಮ್ಮದೇ ರಕ್ತದ ಫೈಲು ಅಲ್ಲಿ ತೆರೆದೇ ಇತ್ತು.