ಜನವರಿ ಮರಿ
ರೇಸ್ ಕುದುರೆಗಳಿಗೆಲ್ಲ ಹುಟ್ಟುಹಬ್ಬ ಒಂದೇ, ಜನವರಿ ಒಂದು. ಡಿಸೆಂಬರ್ ಕೊನೆಯ ದಿನ ಹುಟ್ಟಿದ ಮರಿಗೆ ಮಾರನೆಯ ದಿನವೇ ಒಂದು ವರ್ಷ ತುಂಬಿತೆಂದು ಲೆಕ್ಕ. ಆಮೇಲೆ ಅದು ತನಗಿಂತ ಹನ್ನೊಂದು ತಿಂಗಳು ದೊಡ್ಡ ಕುದುರೆಗಳ ಜೊತೆ ಓಡಿ ಸೋಲಬೇಕು.

ಅದಕ್ಕೇ ಕುದುರೆ ಫಾರ್ಮಿನ ಯಜಮಾನರು, ಗಬ್ಬ ಹನ್ನೊಂದು ತಿಂಗಳೆಂದು ಲೆಕ್ಕ ಹಾಕಿ, ತಮ್ಮ ಹೆಣ್ಣು ಕುದುರೆಗಾಗಿ ಫೆಬ್ರವರಿಯಲ್ಲಿ ಪಶುವೈದ್ಯೆಯನ್ನು ಕರೆಸಿದರು.

“ಮರಿ ಜನವರಿ ಮೊದಲ ವಾರ ಹುಟ್ಟಬೇಕು ಡಾಕ್ಟ್ರೇ. ಒಂದು ದಿನಾನೂ ಮುಂಚೆ ಆಗ್ಬಾರ್ದು.”

“ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಅಂಡ ಯಾವತ್ತು ಬಿಡುಗಡೆ ಆಗ್ಬೇಕು ಅಂತ ನಾವು ಹೇಳ್ಬಹುದು ಸರ್. ಹೆರಿಗೆ ಯಾವತ್ತು ಅಂತ ಕುದುರೆನೇ ಹೇಳ್ಬೇಕು.”

ಇಂಜೆಕ್ಷನ್ ಕೆಲಸ ಮಾಡಿತು, ಕುದುರೆ ಗಬ್ಬವಾಯಿತು.

ಮೇ ತಿಂಗಳಲ್ಲಿ ವೈದ್ಯೆ ಮಗಳನ್ನು ಒಂದನೇ ತರಗತಿಗೆ ಸೇರಿಸಲು ಹೋದರು. ಆ ಶಾಲೆಯ ಅಧ್ಯಕ್ಷರೂ ಇದೇ ಯಜಮಾನರು.

“ಜೂನ್ ಒಂದಕ್ಕೆ ಆರು ವರ್ಷ ತುಂಬಿರ್ಬೇಕಮ್ಮ. ನಿಮ್ಮ ಮಗಳು ಹುಟ್ಟಿದ್ದು ಜೂನ್ ಎರಡು.”

“ಒಂದೇ ದಿನ ಅಲ್ವಾ ಸರ್?”

“ಒಂದು ದಿನ ಆದ್ರೂ ದಿನಾನೇ. ಮುಂದಿನ ವರ್ಷ ನೋಡೋಣ.”

ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ ಕುದುರೆ ಮರಿ ಹಾಕಿತು. ಯಜಮಾನರು ಜನನ ಪತ್ರವನ್ನೂ ತಮ್ಮ ಪೆನ್ನನ್ನೂ ವೈದ್ಯೆಯ ಮುಂದಿಟ್ಟರು.

“ಜನವರಿ ಒಂದು ಅಂತ ಬರೆದುಬಿಡಿ ಡಾಕ್ಟ್ರೇ. ಒಂದೇ ದಿನ ಅಲ್ವಾ?”

“ಒಂದು ದಿನ ಆದ್ರೂ ದಿನಾನೇ ಸರ್.”

ಯಜಮಾನರು ಪೆನ್ನನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದರು.

“ಬರೀರಿ ಡಾಕ್ಟ್ರೇ, ನಾಳೆಯಿಂದ್ಲೇ ಮಗಳನ್ನ ಒಂದನೇ ತರಗತಿಗೆ ಕಳ್ಸಿ. ನಿಮ್ಮ ಮಗಳು ಹುಟ್ಟಿದ್ದೂ ಜೂನ್ ಒಂದಕ್ಕೇ ಅಲ್ವಾ?”