ಗೋಪಾಲಮ್ಮ ಬರೆದ ಸಿಡುಬು

ಗೋಪಾಲಮ್ಮನ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸಿದ್ದನ್ನು ಕಂಡು ಮುನಿಕೃಷ್ಣಮ್ಮನಿಗೆ ನಗು ಬಂತು. ಅವಳು ಇಷ್ಟರ ಮಟ್ಟಿಗೆ ಹೋಗುತ್ತಾಳೆ ಎಂದುಕೊಂಡಿರಲಿಲ್ಲ. ಮನೆಯಲ್ಲಿ ಅಮ್ಮ ಬಂದಿದ್ದಾಳೆ, ಸಿಡುಬು ಎದ್ದಿದೆ ಎಂದು ಸೊಪ್ಪು ಕಟ್ಟಿದರೆ ಅಮೃತಹಳ್ಳಿಯಲ್ಲಿ ಯಾರೂ ಹೊಸಿಲು ದಾಟುವುದಿಲ್ಲ. ಒಳಗೆ ಕೂತು ನಿಶ್ಚಿಂತೆಯಿಂದ ನಾಟಕದ ಬಣ್ಣದ ಅಭ್ಯಾಸ ಮಾಡಬಹುದು.

ಇಬ್ಬರೂ ಹೆಬ್ಬಾಳದಾಚೆ ಗ್ರಾಮಸೇವಿಕೆಯರ ತರಬೇತಿಗೆ ಸೇರಿದವರು. ಅರವತ್ತೆರಡನೆಯ ಇಸವಿ. ಸಿಡುಬು ಬಾರದಂತೆ ದಾಕು ಹಾಕುವವರು ಊರಿಗೆ ಬಂದರೆ ಹೆಂಗಸರು ಮಕ್ಕಳನ್ನು ಹುಲ್ಲಿನ ಬಣವೆಯ ಹಿಂದೆ ಬಚ್ಚಿಡುತ್ತಿದ್ದ ಕಾಲ. ಮುನಿಕೃಷ್ಣಮ್ಮನ ಊರು ಮಾಕಳಿಯಲ್ಲೂ ಅದೇ ಕಥೆ. ಅಂಥವರ ಮನಸ್ಸು ತಿರುಗಿಸಲು ತರಬೇತಿಯ ಹುಡುಗಿಯರು ಊರೂರಿಗೆ ಹೋಗಿ ನಾಟಕ ಆಡಬೇಕು. ಬಣ್ಣವನ್ನೂ ತಾವೇ ಹಚ್ಚಿಕೊಳ್ಳಬೇಕು. "ದಾಕು ಹಾಕ್ಸಿದ್ದೀಯ ತಾನೆ?" ನಾಟಕದ ಮೊದಲ ಮಾತೇ ಅದು.

ಬಣ್ಣದ ಮೊದಲ ಪರೀಕ್ಷೆಯಲ್ಲಿ ಗೋಪಾಲಮ್ಮ ತನ್ನ ಮುಖದ ಮೇಲೆ ಸಿಡುಬು ಬರೆದುಕೊಂಡು ಮೊದಲು ಬಂದಳು. ಎರಡನೆಯ ಪರೀಕ್ಷೆಯಲ್ಲಿ ಒಬ್ಬರು ಬರೆದ ಮುಖವನ್ನು ಇನ್ನೊಬ್ಬರು ಹಾಗೆಯೇ ಬರೆದು ತೋರಿಸಬೇಕು. ದಿಲ್ಶಾದ್ ಟೀಚರು ಚೀಟಿ ಎತ್ತಿಸಿದರು. ಮುನಿಕೃಷ್ಣಮ್ಮನ ಪಾಲಿಗೆ ಬಂದದ್ದು ಗೋಪಾಲಮ್ಮನ ಸಿಡುಬು.

ಎರಡೂ ಸೇರಿ ಮೊದಲು ಬಂದವಳಿಗೆ ಯಲಹಂಕ ಹೋಬಳಿಯಲ್ಲೇ ಕೆಲಸ. ಮಿಕ್ಕವರು ಪಾವಗಡವೋ ಮೊಳಕಾಲ್ಮೂರೋ. "ದೂರ ಆಕುದ್ರೆ ಕೆಲ್ಸಾನೂ ಬ್ಯಾಡ, ಏನೂ ಬ್ಯಾಡ. ಮದ್ವೆ ಮಾಡಿ ಕಳಿಸ್ಬುಡ್ತೀನಿ" ಎಂದು ಮುನಿಕೃಷ್ಣಮ್ಮನ ಅಪ್ಪ ಆಂಜಿನಪ್ಪ ಆಗಲೇ ಹೇಳಿಬಿಟ್ಟಿದ್ದ. ಗಂಡನ್ನೂ ನೋಡಿಟ್ಟಿದ್ದ.

ಬಣ್ಣದ ಗುಟ್ಟು ಕೇಳಿದರೆ ಗೋಪಾಲಮ್ಮ ಬಾಯಿ ಬಿಡಲಿಲ್ಲ. ಆಮೇಲೆ ನಾಲ್ಕು ದಿನ ಬರಲೇ ಇಲ್ಲ. ಗಂಜಿ, ರಾಗಿಕಾಳು, ಕುಂಕುಮ, ಇಷ್ಟು ಮುನಿಕೃಷ್ಣಮ್ಮನಿಗೂ ಗೊತ್ತಿತ್ತು. ಅಕ್ಕಿಗಂಜಿ ಒಣಗಿದರೆ ಚರ್ಮ ಸುಕ್ಕುಗಟ್ಟಿ ಗುಳಿ ಬಿದ್ದಂತೆ ಕಾಣುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತರಬೇತಿಗೆ ಸೇರುವ ದಿನ ಬೆಳಿಗ್ಗೆ ತಾನೇ ಕಂಡುಕೊಂಡದ್ದು. ಆದರೆ ಗೋಪಾಲಮ್ಮನ ಬೊಕ್ಕೆಗಳಲ್ಲಿ ಇನ್ನೇನೋ ಇತ್ತು.

ಹಿತ್ತಲಿಗೆ ಸುತ್ತಿ ಬಂದು ಕಿಟಕಿಯಲ್ಲಿ ಇಣುಕಿದಳು. ಊಹೆ ಸುಳ್ಳಾಗಲಿಲ್ಲ. ಗೋಪಾಲಮ್ಮ ತನ್ನ ಅತ್ತಿಗೆ ಯಲ್ಲಮ್ಮನನ್ನು ಚಾಪೆಯ ಮೇಲೆ ಮಲಗಿಸಿಕೊಂಡು, ಹತ್ತಿಯನ್ನು ಬಟ್ಟಲಿಗೆ ಅದ್ದಿ ಅದ್ದಿ ಮುಖ ತೀಡುತ್ತಿದ್ದಳು. ಏನು ಕೆಲಸ! ರೆಪ್ಪೆಯನ್ನೂ ಬಿಟ್ಟಿರಲಿಲ್ಲ.

ಗೋಪಾಲಮ್ಮ ನೀರಿಗೆಂದು ಎದ್ದು ಹೋದಳು. ಮುನಿಕೃಷ್ಣಮ್ಮ ಸರಸರನೆ ಒಳಗೆ ನುಗ್ಗಿ ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅಂಗೈ ಮೇಲೂ ಬರೆದಿದ್ದಳು, ಕಳ್ಳಿ! ಹೆಬ್ಬೆರಳಿನಿಂದ ಒಂದನ್ನು ಒತ್ತಿ ನೋಡಿದಳು.

ಯಲ್ಲಮ್ಮ ಕಣ್ಣು ತೆರೆದಳು. "ಯಾರವ್ವಾ... ನೀರು..."

"ನಿಮ್ಮ ನಾದಿನಿಗಿಂತ ನೀವೇ ಚೆನ್ನಾಗಿ ಆಡ್ತೀರ ಕಣಕ್ಕ."

ಚೊಂಬು ಹಿಡಿದು ಬಂದ ಗೋಪಾಲಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಅಯ್ಯೋ, ನೀನ್ಯಾಕೆ ಬಂದ್ಯೇ? ಯಾರ್ಗೂ ಯೋಳ್ಬ್ಯಾಡ ಕಣೆ, ಆಸ್ಪತ್ರೆಗೆ ಎಳ್ಕೊಂಡೋಯ್ತಾರೆ. ಮುಟ್ಟುದ್ಯಾ? ದಾಕು ಹಾಕ್ಸಿದ್ದೀಯ ತಾನೆ?"

"ಸಾಕು ಬಿಡೆ. ನಾಟಕದ ಮಾತು ನಾಟಕದಲ್ಲೇ ಇರ್ಲಿ."

ಜಕ್ಕೂರಿನ ದಾರಿ ಹಿಡಿದು ಹಿಂದಿರುಗುವಾಗ ಮುನಿಕೃಷ್ಣಮ್ಮನಿಗೆ ಒಂದೊಂದು ಬೊಕ್ಕೆಯೂ ಬಾಯಿಪಾಠವಾಗಿತ್ತು.

ಮೂರನೆಯ ದಿನ ಪರೀಕ್ಷೆ. ಸೇರುವಾಗ ಎಲ್ಲರ ತೋಳಿನಲ್ಲಿ ದಾಕಿನ ಗುರುತು ನೋಡಿದ್ದ ಡಾಕ್ಟರೇ ಬಂದು ದಿಲ್ಶಾದ್ ಟೀಚರ ಪಕ್ಕ ಕೂತಿದ್ದರು. ಮುನಿಕೃಷ್ಣಮ್ಮನ ಮುಖ ಕಂಡು ಟೀಚರು "ಯಾ ಅಲ್ಲಾ" ಎಂದು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಡಾಕ್ಟರು ಎದ್ದು ಬಂದು ಅವಳ ಅಂಗೈ ತಿರುಗಿಸಿ ನೋಡಿದರು.

"ಗೋಪಾಲಮ್ಮ ಬರ್ದಿದ್ದು ಮುಖ ಮಾತ್ರ. ನೀನು ಅಂಗೈಗೂ ಯಾಕಮ್ಮ ಬರೆದೆ?"

"ಅವ್ಳು ಈಗ ಹಿಂಗೇ ಬರೀತಾಳೆ ಸಾರ್. ರಜ ಹಾಕಿ, ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸ್ಕೊಂಡು, ಅವರ ಅತ್ತಿಗೆ ಮೇಲೆ ಬರೀತಾ ಕೂತವ್ಳೆ. ಕಣ್ಣಾರೆ ನೋಡಿ ಬಂದೆ. ಮುಟ್ಟಿಯೂ ನೋಡಿದೆ."

ಡಾಕ್ಟರು ಅವಳ ಕೈ ಬಿಟ್ಟರು. "ಮುಟ್ಟಿದಾಗ ಹೇಗಿತ್ತು?"

"ಚರ್ಮದ ಒಳಗೆ ಕಾಳು ಹುದುಗಿಸಿಟ್ಟಂಗೆ. ಅದೊಂದು ನಂಗೆ ಬರ್ಲಿಲ್ಲ ಸಾರ್."

"ಅದು ಯಾರಿಗೂ ಬರಲ್ಲಮ್ಮ" ಎಂದರು ಡಾಕ್ಟರು.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಜೀಪು ಅಮೃತಹಳ್ಳಿಗೆ ಓಡಿತು. ಕೇಂದ್ರದ ಗೇಟು ಹಾಕಿಸಿದರು. ದಾಕಿನ ಪೆಟ್ಟಿಗೆ ಬಂತು. ಗುರುತು ಮಾಸಿದವರೆಲ್ಲ ಸಾಲಾಗಿ ನಿಲ್ಲಬೇಕೆಂದು ಹೇಳಿದರು. ಮುಖದ ಗಂಜಿಯನ್ನೂ ತೊಳೆಯದೆ ಮುನಿಕೃಷ್ಣಮ್ಮ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು.

ಡಾಕ್ಟರು ಅವಳ ಬೆನ್ನು ತಟ್ಟಿ ಸಾಲಿನಿಂದ ಆಚೆಗೆ ಕಳಿಸಿದರು. "ನಿನಗ್ಯಾಕಮ್ಮ? ನಿನ್ನ ತೋಳಿನ ಗುರುತು ನಾನೇ ನೋಡಿದೀನಿ, ಏನು ಚೆನ್ನಾಗಿ ಎದ್ದಿದೆ! ಅದಿರೋ ಹೊತ್ತಿಗೆ ಬಚಾವಾದೆ. ಟೀಚರೇ, ಇವಳದೇ ಮೊದಲು ಅಂತ ಬರ್ಕೊಳ್ಳಿ. ಯಲಹಂಕಕ್ಕೆ ಇಂಥವಳೇ ಬೇಕು."

ದಿಲ್ಶಾದ್ ಟೀಚರು ಬರೆದುಕೊಂಡರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಮುನಿಕೃಷ್ಣಮ್ಮ ಬಾಯಿ ತೆರೆದಳು, ಅಪ್ಪನ ಮಾತು ನೆನಪಾಯಿತು, ಮುಚ್ಚಿದಳು. ಅವಳ ಬಲಗೈ ಎಡತೋಳಿನ ರವಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಡಾಕ್ಟರು ನೋಡಿ ತಲೆದೂಗಿದ ಆ ಗುರುತನ್ನು ಅವಳು ಸೇರಿದ ದಿನವೇ ಸಂಜೆ, ಬಾವಿಕಟ್ಟೆಯ ಮೇಲೆ ಕೂತು, ಸೀಗೆಪುಡಿ ಹಾಕಿ ತೊಳೆದುಕೊಂಡಿದ್ದಳು.