ಒಡ್ಡಿನ ಆಚೆಗೆ ಸಮುದ್ರ

ಸಂತೋಷಕುಮಾರ ಮತ್ತೆ ಸೈಕಲ್ ನಿಲ್ಲಿಸಿದ. ಹಿಂದೆ ಕರಕರ ಎನ್ನುತ್ತಿದ್ದ ಜಲ್ಲಿಯ ಸದ್ದು ನಿಂತಿದ್ದರಿಂದಲೇ ಬಸವೇಶ್ವರಿಗೆ ಅದು ಗೊತ್ತಾಯಿತು. ತಿರುಗಿ ನೋಡಿದರೆ, ಗಂಡ ಒಂದು ಕಾಲನ್ನು ನೆಲಕ್ಕೂರಿ, ಮೊಬೈಲನ್ನು ಕಿವಿಗೆ ಒತ್ತಿಕೊಂಡು, ಬೆಂಗಳೂರಿನ ಆಫೀಸಿನವರಿಗೆ ಕೈ ಆಡಿಸಿ ಆಡಿಸಿ ಏನನ್ನೋ ವಿವರಿಸುತ್ತಿದ್ದ. ಎಡಕ್ಕೆ ಕಾಲುವೆ, ಬಲಕ್ಕೆ ಮೇಯುತ್ತಿರುವ ಕಪ್ಪು ಬಿಳುಪು ಹಸುಗಳು, ಮುಂದೆ ಗೆರೆ ಎಳೆದ ಹಾಗೆ ನೇರವಾದ ಜಲ್ಲಿಯ ದಾರಿ. ಒಂದು ಕಾರಿಲ್ಲ, ಒಂದು ಸಿಗ್ನಲ್ ಇಲ್ಲ. ಯಾರೂ ತಡೆಯದ ಇಂಥ ದಾರಿಯಲ್ಲೂ ನಿಲ್ಲುವುದಕ್ಕೆ ಕಾರಣ ಹುಡುಕುತ್ತಾನಲ್ಲ ಎಂದು ಅವಳಿಗೆ ರೇಗಿತು.

"ರೀ, ಮುಗೀತೇನು?"

"ಆತು, ಆತು. ಅಲ್ಲಿ ಒಂದು ಪ್ರೋಗ್ರಾಂ ಕೈ ಕೊಟ್ಟೈತಿ, ಅಷ್ಟ."

"ಗಂಟು ಕಟ್ಟಿ ಊರಿಗೆ ಹೊಂಟೀವಿ, ಇನ್ನೂ ನಿಮ್ಮನ್ನ ಬಿಡವಲ್ರಲ್ಲ ಅವರು!"

ಬರುವ ಗುರುವಾರ ವಿಮಾನ. ಗ್ರೀನ್ ಕಾರ್ಡಿನ ಮೇಲೆ ಜರ್ಮನಿಗೆ ಬಂದಿದ್ದ ಅವನ ಕೆಲಸ ಮುಗಿದು, ಡ್ಯೂಸೆಲ್ಡಾರ್ಫಿನ ಮನೆ ಆಗಲೇ ರಟ್ಟಿನ ಡಬ್ಬಿಗಳಿಗೆ ಸೇರಿತ್ತು. ಮುದ್ದೇಬಿಹಾಳದಲ್ಲಿ ಹುಟ್ಟಿ ಬೆಳೆದ ಬಸವೇಶ್ವರಿ ಇದುವರೆಗೆ ಸಮುದ್ರ ಕಂಡವಳಲ್ಲ. ಮದುವೆಯಾದ ವರ್ಷ ಗೋವಾ ಎಂದಿದ್ದ, ರಜೆ ಸಿಗಲಿಲ್ಲ. ಇಲ್ಲಿಗೆ ಬಂದ ಮೇಲೆ ಪ್ರತಿ ಬೇಸಿಗೆಯೂ ಉತ್ತರ ಸಮುದ್ರ ಎನ್ನುತ್ತಿದ್ದ. ಪ್ರತಿ ಬೇಸಿಗೆಯೂ ಆಫೀಸಿನ ಏನಾದರೊಂದು ಅಡ್ಡ ಬರುತ್ತಿತ್ತು. ಉಳಿದದ್ದು ಈ ಒಂದೇ ಭಾನುವಾರ. ವಾರಾಂತ್ಯದ ಅಗ್ಗದ ಟಿಕೆಟಿನಲ್ಲಿ ಮುಂಜಾನೆಯೇ ರೈಲು ಹತ್ತಿ, ಕರಾವಳಿಯ ಊರಾದ ಎಂಡೆನ್‌ನಲ್ಲಿ ಇಳಿದು, ಬಾಡಿಗೆ ಸೈಕಲ್ ಹಿಡಿದಿದ್ದರು. ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ಸಂತೋಷಕುಮಾರನ ಕಸುಬು. ರೈಲು ಎಲ್ಲಿ ಬದಲಿಸಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಕಾರು ಬಾರದ ದಾರಿ ಯಾವುದು, ಎಲ್ಲವನ್ನೂ ನೋಡಿ ನಕಾಶೆಯ ಮೇಲೆ ಹಸಿರು ಗೆರೆ ಎಳೆದು ತಂದಿದ್ದ.

ಆ ಗೆರೆಯ ಮೇಲೆ ಸಾಗುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಗಾಳಿಗಿರಣಿ ಕಂಡರೆ ಫೋಟೊ. ಸೀಟು ಅರ್ಧ ಇಂಚು ಎತ್ತರವಾಯಿತೆಂದು ಇಳಿದು ತಗ್ಗಿಸಿದ. ಮುಂದೆ ಹೋಗಿ, ತಗ್ಗಾಯಿತೆಂದು ಮತ್ತೆ ಎತ್ತರಿಸಿದ. ಮಧ್ಯಾಹ್ನ ಮರದ ನೆರಳಲ್ಲಿ ಬುತ್ತಿ ಬಿಚ್ಚಿದರೆ, ರೊಟ್ಟಿ ಮುರಿಯುವ ಹೊತ್ತಿಗೆ ಮತ್ತೆ ಬೆಂಗಳೂರು. ಅವನು ಫೋನು ಇಡುವಷ್ಟರಲ್ಲಿ ಅವಳು ಉಂಡು, ಕೈ ತೊಳೆದು, ಬುತ್ತಿಯ ಅರಿವೆ ಮಡಚಿ, ಸೈಕಲ್ ಹಿಡಿದು ನಿಂತಿದ್ದಳು.

"ಒಂದೀಟು ಅಡ್ಡಾಗ್ತೀನಿ, ಬಸೂ. ಕಾಲು ಬಿದ್ದು ಹೋಗ್ಯಾವ."

"ಏಳ್ರೀ! ನಾ ಹೈಸ್ಕೂಲಿಗೆ ದಿನಾ ಸೈಕಲ್ ಮ್ಯಾಲ ಹೋಗಿ ಬರ್ತಿದ್ದೆ. ಒಂದು ದಿನಾನೂ ದಾರ್ಯಾಗ ಮಲಗಿಲ್ಲ."

"ನಿನಗೇನು ಅಷ್ಟು ಅವಸರ? ಸಮುದ್ರಕ್ಕೇನು ಕಾಲು ಬಂದಾವು? ಲಕ್ಷ ವರ್ಷದಿಂದ ಅಲ್ಲೇ ಬಿದ್ದೈತಿ. ಎಲ್ಲಿಗೂ ಓಡಿ ಹೋಗೂದಿಲ್ಲ."

ಹೇಳಿದವನೇ ಟೊಪ್ಪಿಗೆಯನ್ನು ಮುಖದ ಮೇಲೆಳೆದುಕೊಂಡ. ಅವಳು ಸೈಕಲ್ಲಿನ ಗಂಟೆ ಬಾರಿಸುತ್ತ ನಿಂತಳು. ಗೊರಕೆ ನಿಲ್ಲಲಿಲ್ಲ, ದೂರದ ಹಸುವೊಂದು ಮಾತ್ರ ತಲೆ ಎತ್ತಿ ನೋಡಿತು.

ಜಲ್ಲಿಯ ದಾರಿ ಕೊನೆಗೊಂಡಾಗ ಐದು ಗಂಟೆ. ಎದುರಿಗೆ ಕೆರೆಯ ಒಡ್ಡಿನಂಥದೇ, ಆದರೆ ಎರಡಾಳು ಎತ್ತರದ ಹುಲ್ಲಿನ ಒಡ್ಡು. ಅದರ ಮೈ ತುಂಬ ಕುರಿಗಳು. ಗಾಳಿಯಲ್ಲಿ ಉಪ್ಪಿನ ವಾಸನೆ. ಬಸವೇಶ್ವರಿ ಸೈಕಲನ್ನು ಹಾಗೆಯೇ ನೆಲಕ್ಕೆ ಕೆಡವಿ, ಕುರಿಗಳ ನಡುವೆ ದಾರಿ ಮಾಡಿಕೊಂಡು, ಏದುಸಿರು ಬಿಡುತ್ತ ಮೇಲೆ ಓಡಿದಳು.

ಆಚೆಗೆ ಕೆಸರಿತ್ತು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳದ ಹಾಗೆ, ಕಣ್ಣು ಹರಿಯುವವರೆಗೂ ಬರೀ ಬೂದು ಬಣ್ಣದ ಕೆಸರು. ಅದರೊಳಗೆ ಕೊಕ್ಕು ಊರಿ ಏನನ್ನೋ ಹೆಕ್ಕುವ ಹಕ್ಕಿಗಳು. ಒಂದು ಹನಿ ನೀರಿಲ್ಲ, ಅಲೆಯಿಲ್ಲ.

ಏದುತ್ತ ಮೇಲೆ ಬಂದ ಸಂತೋಷಕುಮಾರ ನಕಾಶೆ ಬಿಚ್ಚಿದ. ಬಿಚ್ಚಿ ತಿರುಗಿಸಿ ನೋಡಿದ. "ಇಲ್ಲೇ ಐತಲ್ಲ! ನೋಡಿಲ್ಲಿ, ನೀಲಿ ಬಣ್ಣ ಹಚ್ಯಾರ."

ಬೆಂಚಿನ ಮೇಲೆ ನಾಯಿಯೊಂದಿಗೆ ಕುಳಿತಿದ್ದ ಜರ್ಮನ್ ಅಜ್ಜಿಯನ್ನು ಬಸವೇಶ್ವರಿಯೇ ಕೇಳಿದಳು. ಅಜ್ಜಿ ನಕ್ಕು, ಒಡ್ಡಿನ ಬುಡದ ಒದ್ದೆ ಕಲ್ಲುಗಳನ್ನು ತೋರಿಸಿದಳು. ಮಧ್ಯಾಹ್ನ ಒಂದು ಗಂಟೆಯ ತನಕ ನೀರು ಆ ಕಲ್ಲುಗಳಿಗೆ ಬಡಿಯುತ್ತಿತ್ತಂತೆ. ಈಗ ಇಳಿತದ ಹೊತ್ತು, ಸಮುದ್ರ ಬಲು ದೂರ ಹೋಗಿದೆ. ದಿನಕ್ಕೆ ಎರಡು ಸಲ ಹೋಗುತ್ತದೆ, ಬರುತ್ತದೆ. ಇನ್ನು ಈ ಕಲ್ಲುಗಳನ್ನು ಮುಟ್ಟುವುದು ರಾತ್ರಿ ಹನ್ನೊಂದರ ಮೇಲೆ. ಇಷ್ಟು ಹೇಳಿ, ಅಜ್ಜಿ ನಾಯಿಯನ್ನು ಎಬ್ಬಿಸಿಕೊಂಡು ಹೊರಟು ಹೋದಳು.

"ಛೇ, ಎಲ್ಲಾ ನೋಡಿದ್ದೆ, ಇದೊಂದು ನೋಡಲಿಲ್ಲ," ಎಂದ ಸಂತೋಷಕುಮಾರ. "ಸಮುದ್ರಕ್ಕೂ ಟೈಮ್‌ಟೇಬಲ್ ಇರ್ತದಂತ ಯಾರಿಗೆ ಗೊತ್ತಿತ್ತು?"

ಒಂದು ಗಂಟೆಗೆ ಅವರು ಮರದ ಕೆಳಗಿದ್ದರು. ಬಸವೇಶ್ವರಿ ಬುತ್ತಿಯ ಅರಿವೆಯನ್ನು ಹುಲ್ಲಿನ ಮೇಲೆ ಹಾಸಿ, ಕೆಸರಿಗೆ ಮುಖ ಮಾಡಿ ಕುಳಿತಳು. ಬೂಟು ಕಳಚಿದಳು.

"ಏ, ಏನು ಮಾಡಾಕತ್ತಿ? ಈಗ ಹೊಂಟ್ರ ಕಡೀ ರೈಲು ಸಿಗ್ತದ."

"ನೀವು ಹೋಗ್ರಿ. ನಾ ಸಮುದ್ರ ನೋಡಿ ಬರ್ತೀನಿ."

"ಹುಚ್ಚಿ ಏನು ನೀ? ಆ ಅಜ್ಜಿ ಹೇಳಿದ್ದು ಕೇಳಲಿಲ್ಲೇನು? ಅದು ಬರೂದು ರಾತ್ರಿ ಹನ್ನೊಂದಕ್ಕ!"

ಬಸವೇಶ್ವರಿ ಕಾಲುಚೀಲಗಳನ್ನು ಒಂದರೊಳಗೊಂದು ಮಡಚಿ ಬೂಟಿನೊಳಗೆ ತುರುಕಿದಳು.

"ಬರ್ಲಿ ಬಿಡ್ರಿ. ರಾತ್ರಿ ಹನ್ನೊಂದಕ್ಕ ಬರೋರನ್ನ ಕಾಯೂದು ನನಗೇನು ಹೊಸಾದಲ್ಲ."